ಎರಡು ಸ್ಪಾರ್ಕ್ ಪ್ಲಗ್ಗು, ಒಂದು ಕರಿ ಕೋಟು

ಐಪಿಆರ್ ಪೇಪರ್ ನೆನಪಿದೆಯಾ? ಹಿಂದಿನ ರಾತ್ರಿ ಸೀನಿಯರ್ ನೋಟ್ಸ್ ಓದಿ ಪಾಸ್ ಆದವರಲ್ಲಿ ನಾನೂ ಒಬ್ಬ. ಅದರೊಳಗೊಂದು ಕೆಲಸ ಇದೆ ಅಂತ ಹೊಳೆದಿದ್ದು ಬಜಾಜ್–ಟಿವಿಎಸ್ ಕೇಸ್ ಓದಿದ ಮೇಲೆ.

2007ರ ಜಗಳ ಅದು. ಸಣ್ಣ ಇಂಜಿನ್ನಿಗೆ ಎರಡು ಸ್ಪಾರ್ಕ್ ಪ್ಲಗ್ ಹಾಕುವ ಪೇಟೆಂಟ್ ನಮ್ಮದು, ಟಿವಿಎಸ್ ಫ್ಲೇಮ್ ಬೈಕಿನಲ್ಲಿ ಅದನ್ನೇ ಬಳಸಿದ್ದಾರೆ ಅಂತ ಬಜಾಜ್ ತಕರಾರು. ನಮ್ಮದು ಮೂರು ವಾಲ್ವಿನ ಬೇರೆ ಇಂಜಿನ್ ಅಂತ ಟಿವಿಎಸ್. ಮದ್ರಾಸ್ ಹೈಕೋರ್ಟ್ 2008ರ ಫೆಬ್ರವರಿಯಲ್ಲಿ ತಡೆಯಾಜ್ಞೆ ಕೊಟ್ಟಿತು. 2009ರ ಮೇನಲ್ಲಿ ಅದೇ ಕೋರ್ಟಿನ ವಿಭಾಗೀಯ ಪೀಠ ಅದನ್ನು ತೆಗೆದುಹಾಕಿತು. ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಬೈಕ್ ಮಾರಿ, ಆದರೆ ಲೆಕ್ಕ ಇಡಿ ಅಂದಿತು. ಇಷ್ಟೆಲ್ಲಾ ನಿಂತಿದ್ದು ಪೇಟೆಂಟಿನ ಕ್ಲೇಮಿನ ಕೆಲವು ಮಾತುಗಳ ಮೇಲೆ: ಸಿಲಿಂಡರ್ ಬೋರ್ 45ರಿಂದ 70 ಮಿಲಿಮೀಟರ್, ಎರಡು ಪ್ಲಗ್. ವಾಲ್ವ್ ಎಷ್ಟಿವೆ ಅನ್ನೋದು ಈ ಆವಿಷ್ಕಾರಕ್ಕೆ ಮುಖ್ಯವೋ ಅಲ್ಲವೋ? ಥೇಟ್ ನಮ್ಮ ಐಸಿ ಇಂಜಿನ್ ವೈವಾ ಪ್ರಶ್ನೆ! ಕೇಳಿದ್ದು ಮಾತ್ರ ಜಡ್ಜ್. (2019ರಲ್ಲಿ ಇಬ್ಬರೂ ರಾಜಿಯಾದರು. ಅಷ್ಟರಲ್ಲಿ ಫ್ಲೇಮ್ ಮಾರುಕಟ್ಟೆಯಲ್ಲೇ ಇರಲಿಲ್ಲ.)

ಇಂಥ ಕೇಸಿಗೆ ಡ್ರಾಯಿಂಗ್ ಓದಬಲ್ಲ ವಕೀಲರು ಬೇಕು. ಪೇಟೆಂಟ್ ಏಜೆಂಟ್ ಪರೀಕ್ಷೆ ಬರೆಯೋಕೆ ವಿಜ್ಞಾನ ಇಲ್ಲವೇ ಇಂಜಿನಿಯರಿಂಗ್ ಪದವಿ ಸಾಕು. ಪಾಸಾದರೆ ಪೇಟೆಂಟ್ ಕಚೇರಿಯಲ್ಲಿ ಕಂಪನಿಗಳ ಪರವಾಗಿ ಅರ್ಜಿ ಹಾಕಬಹುದು, ವಾದಿಸಬಹುದು. ಕೋರ್ಟಿನಲ್ಲಿ ನಿಂತು ವಾದಿಸೋಕೆ ಮಾತ್ರ ಕರಿ ಕೋಟೇ ಬೇಕು: ಇನ್ನೂ 3 ವರ್ಷದ ಎಲ್‌ಎಲ್‌ಬಿ, ಆಮೇಲೆ ಬಾರ್ ಪರೀಕ್ಷೆ.

ಕಷ್ಟ ಇರೋದು ಆ 3 ವರ್ಷದಲ್ಲೇ. ಬಿಇ ಮುಗಿಸಿ ಲಾ ಓದ್ತೀನಿ ಅಂದಿದ್ದಕ್ಕೆ ನಮ್ಮಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಕೇಳಿದ್ದು ಒಂದೇ, "ಲೋನ್ ಯಾರು ಕಟ್ತಾರೋ?" ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಅದಕ್ಕೇ ನನ್ನ ಲೆಕ್ಕ ಹೀಗಿದೆ: ಮೊದಲು ಏಜೆಂಟ್ ಪರೀಕ್ಷೆ, ಒಂದಷ್ಟು ವರ್ಷ ದುಡಿಮೆ, ಸಾಲ ತೀರಿದ ಮೇಲೆ ಲಾ. ನಿಧಾನ ಆಗುತ್ತೆ, ಆಗಲಿ. ಬ್ಯಾಕ್‌ಲಾಗ್ ತಪ್ಪಿಸಿಕೊಳ್ಳೋಕೆ ಈ ಕಡೆ ಬರೋರಿಗೆ ಮಾತ್ರ ಬೇಡ ಅಂತೀನಿ. ಇಲ್ಲೂ ಥರ್ಮೋಡೈನಮಿಕ್ಸ್ ಬೆನ್ನು ಬಿಡಲ್ಲ.

ನನ್ನ ಸಿಟ್ಟು ಬೇರೆಯದು. ಐಪಿಆರ್ ಓದಿದ ನಮ್ಮ ಕ್ಲಾಸಿನಲ್ಲಿ ಒಂದೇ ಒಂದು ಪೇಟೆಂಟ್ ಬಿಡಿಸಿ ನೋಡಿದವರು ಯಾರೂ ಇಲ್ಲ. ಪೇಟೆಂಟ್ ಕಚೇರಿಯ ವೆಬ್‌ಸೈಟಿನಲ್ಲಿ ಅವೆಲ್ಲ ಬಿಟ್ಟಿಯಾಗಿ ಸಿಗುತ್ತವೆ. ಮುಂದಿನ ಬ್ಯಾಚಿಗೆ ಅಸೈನ್‌ಮೆಂಟ್ ಕಾಪಿ ಹೊಡೆಸೋ ಬದಲು, ಒಂದು ಕ್ಲೇಮ್ ಕೈಗೆ ಕೊಟ್ಟು "ಇದನ್ನು ಕದಿಯದೆ ಹೇಗೆ ತಪ್ಪಿಸಿಕೊಳ್ತೀರಿ, ಹೇಳಿ" ಅಂತ ಕೇಳಿ, ಮೇಷ್ಟ್ರೇ.