ಕಾವಲುಗಣ್ಣಿಗೆ ವಿವೇಕ ಕೊಡುವವರಾರು?

ಹಿಂದೆ ಕೋಟೆಯ ಬತೇರಿಯ ಮೇಲೆ ನಿಂತ ಕಾವಲುಗಾರನು ಮಾಡುತ್ತಿದ್ದ ಕೆಲಸವನ್ನು ಇಂದು ವಿಡಿಯೊ ಕ್ಯಾಮೆರಾಗಳು ವಹಿಸಿಕೊಂಡಿವೆ. ಬಸ್ ನಿಲ್ದಾಣದಲ್ಲಿ, ಬ್ಯಾಂಕಿನಲ್ಲಿ, ಅಂಗಡಿಯಲ್ಲಿ, ಕಾಲೇಜಿನ ಮೊಗಸಾಲೆಯಲ್ಲಿ ಅವು ನಮ್ಮನ್ನು ನೋಡುತ್ತಲೇ ಇವೆ. ಇಂತಿಷ್ಟು ಕ್ಯಾಮೆರಾಗಳಿವೆಯೆಂದು ಎಣಿಸಿ ಹೇಳಿಕೊಳ್ಳುವುದೂ ಒಂದು ಪ್ರತಿಷ್ಠೆಯಾಗಿದೆ. ಆದರೆ ಕ್ಯಾಮೆರಾ ಬರಿಯ ಕಣ್ಣು. ಯಾವುದನ್ನು ಗಮನಿಸಬೇಕು, ಎಷ್ಟು ದಿನ ನೆನಪಿಡಬೇಕು, ಯಾರಿಗೆ ತೋರಿಸಬೇಕು ಎಂಬುದನ್ನು ನಿರ್ಣಯಿಸುವುದು ಅದರ ಹಿಂದಿರುವ ನಿಯಂತ್ರಣ ತಂತ್ರಾಂಶ. ಆ ತಂತ್ರಾಂಶಕ್ಕೆ ಆಜ್ಞೆ ಕೊಡುವವರು ಮನುಷ್ಯರು. ಈ ಆಜ್ಞೆಗಳನ್ನು ನಾವು ಕ್ಯಾಮೆರಾ ತಗುಲಿಸಲು ಬಂದವರ ಇಷ್ಟಕ್ಕೆ ಬಿಟ್ಟು ಮರೆಯುತ್ತಿದ್ದೇವೆ. ಅದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ನಾವು ಪಾಠ ಹೇಳುವ ಕಾಲೇಜಿನಲ್ಲಿಯೇ ನಡೆದ ಸಂಗತಿಯೊಂದುಂಟು. ದಸರಾ ರಜೆ ಮುಗಿಸಿ ಬಂದಾಗ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಒಂದು ಸ್ಪೆಕ್ಟ್ರೋಮೀಟರ್ ಕಾಣಲಿಲ್ಲ. ರಜೆಯ ಮೊದಲ ದಿನಗಳಲ್ಲಿ ಸುಣ್ಣ ಬಳಿಯುವವರಿಗಾಗಿ ಬಾಗಿಲು ತೆರೆದಿದ್ದ ಹಿರಿಯ ಅಟೆಂಡರರ ಮೇಲೆ ಸಂಶಯ ಹೋಯಿತು. "ಕ್ಯಾಮೆರಾ ಇದೆಯಲ್ಲ, ನೋಡಿ ಸ್ವಾಮಿ" ಎಂದು ಅವರೇ ಕೇಳಿಕೊಂಡರು. ನೋಡಿದರೆ, ಯಂತ್ರದಲ್ಲಿ ಉಳಿದಿದ್ದುದು ಕಡೆಯ ಐದಾರು ದಿನಗಳ ಚಿತ್ರ ಮಾತ್ರ. ಚಿತ್ರದ ಮೂಲೆಯಲ್ಲಿ ತೋರುತ್ತಿದ್ದ ವೇಳೆಯೂ ಐದೂವರೆ ಗಂಟೆ ಹಿಂದಿತ್ತು. ಅವರ ಮೇಲಿನ ಅಪವಾದ ಸ್ಥಾಪಿತವಾಗಲಿಲ್ಲ, ಅಳಿಯಲೂ ಇಲ್ಲ.

ಇದಕ್ಕೆ ಕಾರಣವನ್ನು ಹೈಸ್ಕೂಲಿನ ಗಣಿತವೇ ಹೇಳುತ್ತದೆ. ಒಳ್ಳೆಯ ಕ್ಯಾಮೆರಾದ ಚಿತ್ರವನ್ನು ಸಂಕೋಚಿಸಿದ ಮೇಲೆಯೂ ಸೆಕೆಂಡಿಗೆ ಸುಮಾರು 4 ಮೆಗಾಬಿಟ್, ಎಂದರೆ ಅರ್ಧ ಮೆಗಾಬೈಟ್ ಮಾಹಿತಿ ಹರಿದುಬರುತ್ತದೆಂದು ಇಟ್ಟುಕೊಳ್ಳೋಣ. ದಿನಕ್ಕೆ 86,400 ಸೆಕೆಂಡು. ಆದುದರಿಂದ ದಿನವೊಂದಕ್ಕೆ ಸುಮಾರು 43 ಗಿಗಾಬೈಟ್. ಹದಿನಾರು ಕ್ಯಾಮೆರಾಗಳಿಗೆ ಸುಮಾರು 690 ಗಿಗಾಬೈಟ್. 4 ಟೆರಾಬೈಟಿನ ಡಿಸ್ಕು ಆರು ದಿನ ತುಂಬುವುದರೊಳಗೆ ಭರ್ತಿಯಾಗುತ್ತದೆ. ಬಳಿಕ ತಂತ್ರಾಂಶವು ಹಳೆಯದನ್ನು ಅಳಿಸಿ ಅದರ ಮೇಲೆಯೇ ಹೊಸದನ್ನು ಬರೆಯುತ್ತದೆ. ಹದಿನೈದು ದಿನಗಳ ರಜೆಯಿರುವ ಸಂಸ್ಥೆಗೆ ಆರು ದಿನಗಳ ನೆನಪು ಸಾಕೆ? ಈ ಗುಣಾಕಾರವನ್ನು ಮುಂಚೆಯೇ ಯಾರೂ ಮಾಡಲಿಲ್ಲ, ಅಷ್ಟೆ.

ಗಡಿಯಾರದ ವಿಷಯವೂ ಹೀಗೆಯೇ. ಭಾರತೀಯ ಕಾಲಮಾನವು ಗ್ರೀನಿಚ್ ಕಾಲಕ್ಕಿಂತ ಐದೂವರೆ ಗಂಟೆ ಮುಂದಿರುವುದಷ್ಟೆ? ಕಾಲವಲಯವನ್ನು ತಿದ್ದದೆ ಬಿಟ್ಟರೆ ಸಂಜೆ ಏಳರ ಘಟನೆ ಮಧ್ಯಾಹ್ನ ಒಂದೂವರೆಗೆ ನಡೆದಂತೆ ದಾಖಲಾಗುತ್ತದೆ. ಒಮ್ಮೆ ತಿದ್ದಿದರೂ ಸಾಲದು. ಹರಳಿನ ಗಡಿಯಾರವು ಹತ್ತು ಲಕ್ಷದಲ್ಲಿ ಇಪ್ಪತ್ತು ಪಾಲಿನಷ್ಟು ತಪ್ಪಿದರೂ ವರ್ಷಕ್ಕೆ ಹತ್ತು ನಿಮಿಷಗಳ ಅಂತರ ಬೀಳುತ್ತದೆ. ಆದುದರಿಂದ ಜಾಲದ ಮೂಲಕ ನಿಖರ ಗಡಿಯಾರವೊಂದರೊಡನೆ ಆಗಾಗ ಸರಿಹೊಂದಿಸಿಕೊಳ್ಳುವಂತೆ ಅದಕ್ಕೆ ಆಜ್ಞಾಪಿಸಬೇಕು.

ಚಲನೆ ಕಂಡಾಗ ಮಾತ್ರ ಮುದ್ರಿಸಿಕೊಂಡರೆ ಡಿಸ್ಕಿನ ಸ್ಥಳ ಉಳಿಯುವುದೇನೋ ನಿಜ. ಒಂದಾದ ಮೇಲೊಂದು ಬರುವ ಚಿತ್ರಗಳನ್ನು ತಂತ್ರಾಂಶವು ಬಿಂದುಬಿಂದುವಾಗಿ ಹೋಲಿಸಿ, ವ್ಯತ್ಯಾಸವು ಗೊತ್ತಾದ ಮಿತಿಯನ್ನು ಮೀರಿದರೆ ಚಲನೆಯಾಯಿತೆಂದು ತಿಳಿಯುತ್ತದೆ. ಮಿತಿ ತೀರ ಕೆಳಗಿದ್ದರೆ ಹೊಂಗೆಮರದ ಎಲೆ ಅಲುಗಿದರೂ, ಮಸೂರದ ಮೇಲೆ ಜೇಡ ನಡೆದರೂ ಎಚ್ಚರಿಕೆಯ ಗಂಟೆ. ತೀರ ಮೇಲಿದ್ದರೆ ಮಬ್ಬುಬೆಳಕಿನಲ್ಲಿ ನುಸುಳುವ ಮನುಷ್ಯನೂ ಅದರ ಲೆಕ್ಕಕ್ಕೆ ಬರುವುದಿಲ್ಲ. ಸರಿಯಾದ ಮಿತಿಯು ಯಾವ ಕೈಪಿಡಿಯಲ್ಲಿಯೂ ಇರುವುದಿಲ್ಲ. ಆಯಾ ಸ್ಥಳದಲ್ಲಿ ಹಗಲೂ ರಾತ್ರಿಯೂ ನಡೆದು ನೋಡಿ ಕಂಡುಕೊಳ್ಳತಕ್ಕದ್ದು.

ಅಲಕ್ಷ್ಯದ ಫಲ ಒಂದು ಸಂಸ್ಥೆಯೊಳಗೇ ನಿಲ್ಲುವುದೂ ಇಲ್ಲ. 2016ರಲ್ಲಿ 'ಮಿರಾಯ್' ಎಂಬ ದುಷ್ಟ ತಂತ್ರಾಂಶವು ಲೋಕದ ನಾನಾ ಕಡೆಗಳಲ್ಲಿ ಅಂತರಜಾಲಕ್ಕೆ ಜೋಡಿಸಿದ್ದ ಕ್ಯಾಮೆರಾಗಳನ್ನೂ ವಿಡಿಯೊ ಮುದ್ರಣಯಂತ್ರಗಳನ್ನೂ ವಶಪಡಿಸಿಕೊಂಡಿತು. ಅದು ಮಾಡಿದ ತಂತ್ರ ಬಹು ಸರಳ: ಕಾರ್ಖಾನೆಯಲ್ಲಿ ಇಟ್ಟ ಹೆಸರು ಮತ್ತು ಪಾಸ್‌ವರ್ಡುಗಳ ಅರುವತ್ತಕ್ಕೂ ಹೆಚ್ಚು ಜೋಡಿಗಳನ್ನು ಒಂದೊಂದಾಗಿ ಪ್ರಯೋಗಿಸಿ ನೋಡಿದುದು. ಅವನ್ನು ಬದಲಾಯಿಸದ ಯಂತ್ರಗಳು ಬಾಗಿಲು ತೆರೆದುಬಿಟ್ಟವು. ಆ ವರ್ಷದ ಅಕ್ಟೋಬರ್ 21ರಂದು ಅವುಗಳಲ್ಲಿ ಅನೇಕವು ಅಮೆರಿಕದ ಡೈನ್ ಎಂಬ ಸಂಸ್ಥೆಯ ಮೇಲೆ ಏಕಕಾಲದಲ್ಲಿ ಮುಗಿಬಿದ್ದುದರಿಂದ ಟ್ವಿಟರ್, ನೆಟ್‌ಫ್ಲಿಕ್ಸ್ ಮುಂತಾದ ತಾಣಗಳು ಅಸಂಖ್ಯ ಜನರಿಗೆ ಗಂಟೆಗಟ್ಟಲೆ ದೊರೆಯದಾದವು. ಕಾಯಲೆಂದು ನಿಲ್ಲಿಸಿದವರೇ ದಾಳಿಕಾರರ ಪಡೆಯಾದಂತಾಯಿತು!

ಹಾಗಾದರೆ ಎಲ್ಲವನ್ನೂ, ಎಲ್ಲ ಕಾಲಕ್ಕೂ ಮುದ್ರಿಸಿಡುವುದೇ ಲೇಸೆಂದು ಕೆಲವರು ಹೇಳಬಹುದು. ನಾವು ಒಪ್ಪಲಾರೆವು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಸಾರಿತು. ಅದೇ ನ್ಯಾಯಾಲಯವು 2020ರ ಡಿಸೆಂಬರ್ 2ರಂದು, ಪೊಲೀಸ್ ಠಾಣೆಗಳ ಕ್ಯಾಮೆರಾ ದಾಖಲೆಯನ್ನು ಹದಿನೆಂಟು ತಿಂಗಳು, ಅಂಥ ಸಾಧನ ದೊರೆಯದಿದ್ದರೂ ಒಂದು ವರ್ಷಕ್ಕೆ ಕಡಮೆಯಿಲ್ಲದಂತೆ ಉಳಿಸಬೇಕೆಂದು ಆದೇಶಿಸಿತು. ಇವೆರಡರಲ್ಲಿ ವಿರೋಧವಿಲ್ಲ. ಬಂಧಿತನ ರಕ್ಷಣೆಗೆ ದೀರ್ಘವಾದ ನೆನಪು ಬೇಕು. ನೆರೆಮನೆಯ ಕಿಟಕಿಯ ವಿಷಯದಲ್ಲಿ ನೆನಪೇ ಬೇಡ. ಅಂಥ ಕಿಟಕಿ ಚಿತ್ರದೊಳಗೆ ಬರುವುದಾದರೆ ಅಷ್ಟು ಭಾಗಕ್ಕೆ ಕಪ್ಪು ತೆರೆ ಎಳೆಯುವ ಅನುಕೂಲ ಅನೇಕ ತಂತ್ರಾಂಶಗಳಲ್ಲಿ ಉಂಟು. ಎಷ್ಟು ದಿನ, ಯಾವ ನೋಟ, ಯಾರ ಕಣ್ಣಿಗೆ ಎಂಬಿವು ಕೇವಲ ಯಂತ್ರದ ಪ್ರಶ್ನೆಗಳಲ್ಲ, ನ್ಯಾಯದ ಪ್ರಶ್ನೆಗಳು.

ಆದುದರಿಂದ ನಮ್ಮ ಸೂಚನೆ ಇಷ್ಟು. ಕ್ಯಾಮೆರಾ ಇಟ್ಟ ಪ್ರತಿಯೊಂದು ಸಂಸ್ಥೆಯೂ ಒಂದು ಹಾಳೆಯಲ್ಲಿ, ದಾಖಲೆ ಎಷ್ಟು ದಿನ ಉಳಿಯುವುದು, ಅದನ್ನು ನೋಡುವ ಅಧಿಕಾರ ಯಾರಿಗುಂಟು, ಗಡಿಯಾರವನ್ನೂ ಪಾಸ್‌ವರ್ಡನ್ನೂ ಕಡೆಯದಾಗಿ ಪರೀಕ್ಷಿಸಿದುದು ಎಂದು ಎಂಬುದನ್ನು ಬರೆದು ಗೋಡೆಗೆ ಅಂಟಿಸಲಿ. ಪಾಸ್‌ವರ್ಡು ಮಾತ್ರ ಆ ಹಾಳೆಯ ಮೇಲೆ ಬೇಡ! ವಿದ್ಯಾರ್ಥಿಗಳು ಅಧ್ಯಾಪಕರ ಅನುಮತಿ ಪಡೆದು, ಮೇಲಿನ ಲೆಕ್ಕವನ್ನು ತಮ್ಮ ಕಾಲೇಜಿಗೆ ಅನ್ವಯಿಸಿ ಮಾಡಿ ನೋಡಲಿ; ಉಪಯುಕ್ತವಾದ ಪ್ರಯೋಗಪಾಠ ಅದು. ಮುಂದೆ ಇಂಥ ಯಂತ್ರಗಳಿಗೆ ಆಜ್ಞೆ ಕೊಡುವವರು ಅವರೇ ಅಲ್ಲವೆ?

ನಮ್ಮ ಪ್ರಯೋಗಾಲಯಕ್ಕೆ ಹೊಸ ಸ್ಪೆಕ್ಟ್ರೋಮೀಟರ್ ಬಂದಿದೆ. ಆ ಅಟೆಂಡರರು ನಿವೃತ್ತರಾಗಿದ್ದಾರೆ. ಅವರು ನಿರಪರಾಧಿಯೆಂದು ಹೇಳಬಹುದಾಗಿದ್ದ ಸಾಕ್ಷಿಯನ್ನು ಅಳಿಸಿದುದು ಕಳ್ಳನಲ್ಲ. ಯಾರೂ ತೆರೆದು ನೋಡದ ಒಂದು ತಂತ್ರಾಂಶ. ಅದನ್ನು ನೋಡದೆ ಬಿಟ್ಟವರಲ್ಲಿ ನಾವೂ ಒಬ್ಬರು.