ಹ್ಯಾಮಕ್‌ನಲ್ಲಿ ಚಳಿ ಕೆಳಗಿಂದ ಬರುತ್ತೆ

ಡಿಸೆಂಬರ್ ಬಂತಂದ್ರೆ ಹಾಸ್ಟೆಲಿನಲ್ಲಿ ಒಂದೇ ಮಾತು. ಶನಿವಾರ ಕೆ.ಆರ್. ಪುರದಲ್ಲಿ ಬಸ್ ಹತ್ತೋದು, ಕೋಲಾರ ದಾಟಿ ಶ್ರೀನಿವಾಸಪುರದ ಕಡೆ ಕ್ಲಾಸ್‌ಮೇಟ್ ಒಬ್ಬನ ಮಾವಿನ ತೋಪಿನಲ್ಲಿ ಹ್ಯಾಮಕ್ ಕಟ್ಟೋದು. ಹೋದ ವರ್ಷ ನಾನೂ ಹೋಗಿದ್ದೆ. ಸ್ವೆಟರ್, ಮಂಕಿ ಕ್ಯಾಪ್ ಹಾಕ್ಕೊಂಡು ಸ್ಲೀಪಿಂಗ್ ಬ್ಯಾಗ್ ಒಳಗೆ ಸೇರಿದ್ರೂ ರಾತ್ರಿ ಎರಡು ಗಂಟೆಗೆ ಎದೆ ಮೇಲೆ ಬೆವರು, ಬೆನ್ನಲ್ಲಿ ನಡುಕ. ಬೆಳಗಾಗೋ ತನಕ ಬೆಂಕಿ ಮುಂದೆ ಕೂತಿದ್ದೆ.

ಹೀಗಾದವರು ವಾಪಸ್ ಬಂದು ಮೊದಲು ಮಾಡೋ ಕೆಲಸ ಇನ್ನೂ ದಪ್ಪದ ಸ್ಲೀಪಿಂಗ್ ಬ್ಯಾಗ್ ಕೊಳ್ಳೋದು. ದಯವಿಟ್ಟು ಆ ದುಡ್ಡು ಹಾಳು ಮಾಡ್ಬೇಡಿ. ಬ್ಯಾಗ್ ಬೆಚ್ಚಗಿಡೋದು ಅದರೊಳಗೆ ಸಿಕ್ಕಿಕೊಂಡಿರೋ ಗಾಳಿಯಿಂದ. ನಮ್ಮ ಭಾರಕ್ಕೆ ಬೆನ್ನಿನ ಕೆಳಗೆ ಅದು ಅಪ್ಪಚ್ಚಿ ಆಗುತ್ತೆ, ಗಾಳಿಯೇ ಉಳಿಯಲ್ಲ. ಅದರ ಮೇಲೆ ಹ್ಯಾಮಕ್ ಅಡಿ ಬೀಸೋ ಗಾಳಿ ಮೈಯ ಶಾಖವನ್ನ ಹೊತ್ಕೊಂಡು ಹೋಗ್ತಾನೇ ಇರುತ್ತೆ. ಪರೀಕ್ಷೇಲಿ ಫೋರ್ಸ್ಡ್ ಕನ್ವೆಕ್ಷನ್ ಬಗ್ಗೆ ಎರಡು ಪುಟ ಬರೆದವರೇ ತೋಪಿನಲ್ಲಿ ನಡುಗ್ತಾರೆ, ನಾನೂ ಸೇರಿ.

ಬೇಕಾಗಿರೋದು ಬೆನ್ನಡಿಗೆ ಒಂದು ಪ್ಯಾಡ್. ಯಾವುದು? ಇಂದಿರಾನಗರದಲ್ಲಿ ಗಾಳಿ ತುಂಬೋ ಪ್ಯಾಡ್ ನೋಡಿದೆ, ಬೆಲೆ ಕೇಳಿ ಸುಮ್ಮನೆ ಬಂದೆ. ಹಿಮದ ಮೇಲೆ ಟೆಂಟ್ ಹಾಕೋರಿಗೆ ಅದು ಸರಿ. ಹ್ಯಾಮಕ್‌ನಲ್ಲಿ ಅದು ಜಾರುತ್ತೆ, ಪೂರ್ತಿ ತುಂಬಿದ್ರೆ ಬಾಳೆದಿಂಡಿನ ಮೇಲೆ ಮಲಗಿದ ಹಾಗೆ. ಶಿವಾಜಿನಗರದ ಹಾಸಿಗೆ ಅಂಗಡೀಲಿ ಕೇಳಿದ್ರೆ ಮೆತ್ತನೆ ಸ್ಪಂಜ್ ತೋರಿಸಿದ್ರು. ಅದೂ ಬೇಡ, ಭಾರಕ್ಕೆ ಕುಸಿಯುತ್ತೆ, ನೀರು ಕುಡಿಯುತ್ತೆ.

ನನ್ನ ಓಟು ಕ್ಲೋಸ್ಡ್-ಸೆಲ್ ಫೋಮ್ ಮ್ಯಾಟ್‌ಗೆ. ಅದರ ಗುಳ್ಳೆಗಳು ಒಂದೊಂದೂ ಮುಚ್ಚಿರುತ್ತೆ, ಮಲಗಿದ್ರೂ ಗಾಳಿ ಒಳಗೇ ಇರುತ್ತೆ. ಲೆಕ್ಕ ನೋಡಿ: 10 ಮಿ.ಮೀ. ದಪ್ಪವನ್ನ ಮೀಟರಿಗೆ ತಂದು, ಫೋಮ್‌ನ ಉಷ್ಣವಾಹಕತೆ ಸುಮಾರು 0.04ರಿಂದ ಭಾಗಿಸಿದ್ರೆ 0.25. ಪ್ಯಾಡ್ ಕಂಪನಿಗಳು ಬರೆಯೋ ಆರ್-ವ್ಯಾಲ್ಯೂ ಅಮೆರಿಕನ್ ಅಳತೆ, ಹಾಗಾಗಿ ಇನ್ನೊಮ್ಮೆ 0.176ರಿಂದ ಭಾಗಿಸಬೇಕು. ಹತ್ತಿರ ಹತ್ತಿರ 1.4 ಬರುತ್ತೆ. ಆರ್-ವ್ಯಾಲ್ಯೂ ಕೂಡುತ್ತಾ ಹೋಗುತ್ತೆ, ಎರಡು ಮ್ಯಾಟ್ ಹಾಕಿದ್ರೆ 2.8. ಬೆಂಗಳೂರಿನ ದಾಖಲೆ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ನಮ್ಮ ಕಡೆಗೆ ಇಷ್ಟು ಸಾಕು. 4 ಮಿ.ಮೀ. ಯೋಗ ಮ್ಯಾಟ್ ತಂದು ಆಮೇಲೆ ನನ್ನ ಬೈಬೇಡಿ.

ಅಗಲ ಮರೀಬೇಡಿ. ನೆಲದ ಮೇಲೆ 50 ಸೆಂ.ಮೀ. ಸಾಕು, ಆದ್ರೆ ಹ್ಯಾಮಕ್ ಬಟ್ಟೆ ಎರಡೂ ಕಡೆಯಿಂದ ಭುಜವನ್ನ ಒತ್ತುತ್ತೆ, ಚಳಿ ಅಲ್ಲಿಂದ ನುಗ್ಗುತ್ತೆ. ನಾನು ಎರಡನೇ ಮ್ಯಾಟಿಂದ ಒಂದು ತುಂಡು ಕತ್ತರಿಸಿ ಭುಜದ ಕೆಳಗೆ ಅಡ್ಡ ಹಾಕ್ಕೊಂಡೆ, ಉಳಿದದ್ದು ಸೊಂಟದ ಕೆಳಗೆ. ಜನವರೀಲಿ ಅದೇ ತೋಪಿಗೆ ಮತ್ತೆ ಹೋದಾಗ ಎದ್ದಿದ್ದು ಏಳು ಗಂಟೆಗೆ, ಅದೂ ಗೆಳೆಯರು ಹ್ಯಾಮಕ್ ಅಲ್ಲಾಡಿಸಿದ ಮೇಲೆ. ಎರಡು ಪದರದ ಹ್ಯಾಮಕ್ ಇದ್ರೆ ಮ್ಯಾಟನ್ನ ಪದರಗಳ ನಡುವೆ ತೂರಿಸಿ, ಜಾರಲ್ಲ.

ನನ್ನ ಮ್ಯಾಟ್‌ಗಳು ರೂಮಲ್ಲೇ ಇವೆ. ಈ ಸಲ ಹೋಗೋರು ಕೇಳಿ ತಗೊಂಡು ಹೋಗಿ, ಬೆಂಕಿ ಹತ್ರ ಮಾತ್ರ ಹಾಸಬೇಡಿ.