ಕೆರೆಯ ದಂಡೆಗೆ ನಮ್ಮ ಬೀಗ ಬೇಡ



ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಶಾಲೆ ಕಚೇರಿಗಳಲ್ಲಿ ದುಡಿದು ವಿಶ್ರಾಂತರಾದ ನಮ್ಮ ಗೆಳೆಯರ ಬಳಗವೊಂದಿರುವುದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಈ ಬಳಗದ ಮುಂದೆ ಈಗ ಒಂದು ಪ್ರಸ್ತಾವ ಬಂದಿದೆ. ನಮ್ಮ ಸೀಮೆಯ ಕೆರೆಯೊಂದರ ಅಂಚಿನಲ್ಲಿ ಹಳೆಯ ಕಟ್ಟಡವೊಂದು ಮಾರಾಟಕ್ಕಿದೆ. ಸದಸ್ಯರೆಲ್ಲರೂ ನಿವೃತ್ತಿಯ ಹಣದಲ್ಲಿ ಒಂದೊಂದು ಪಾಲು ಹಾಕಿ ಅದನ್ನು ಕೊಂಡುಕೊಳ್ಳಬೇಕು. ಅಲ್ಲಿ ಓದುವ ಕೋಣೆ, ಭಜನೆಯ ಪಡಸಾಲೆ, ನಾಲ್ಕಾರು ತಂಗುವ ಕೊಠಡಿಗಳನ್ನು ಮಾಡಿಕೊಳ್ಳಬೇಕು ಎಂಬುದು ಅದರ ಸಾರಾಂಶ. ಕೆರೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಮಾರುವವರ ವ್ಯವಹಾರಕ್ಕೆ ಕಲ್ಲು ಹಾಕುವುದು ನನ್ನ ಉದ್ದೇಶವಲ್ಲ. ಆದರೆ ಪ್ರಸ್ತಾವವನ್ನು ನಾನು ವಿರೋಧಿಸುತ್ತೇನೆ. ಸಭೆಯಲ್ಲಿ ಸಿಕ್ಕ ಐದು ನಿಮಿಷಗಳಲ್ಲಿ ಹೇಳಲಾಗದೆ ಉಳಿದುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲಿಗೆ ಎದುರು ಪಕ್ಷದ ನ್ಯಾಯವನ್ನು ಒಪ್ಪಿಕೊಳ್ಳಬೇಕು. ಮುಪ್ಪಿನ ಒಂಟಿತನ ಸುಳ್ಳಲ್ಲ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ನೆಲೆಸಿದ್ದಾರೆ. ನಾಲ್ಕು ಅಂಕಣದ ಮನೆಯಲ್ಲಿ ಇಬ್ಬರು, ಕೆಲವು ಮನೆಗಳಲ್ಲಿ ಒಬ್ಬರೇ, ಸಂಜೆಯ ದೀಪ ಹಚ್ಚಿ ದೂರವಾಣಿಯ ಸದ್ದಿಗಾಗಿ ಕಾಯುತ್ತಾರೆ. ಮೂವತ್ತೈದು ವರ್ಷ ನೂರಾರು ಮಕ್ಕಳ ಗದ್ದಲದ ನಡುವೆ ಬಾಳಿದವರಿಗೆ ಆ ಮೌನ ಎಷ್ಟು ಭಾರವೆಂಬುದು ಅನುಭವಿಸಿದವರಿಗೇ ಗೊತ್ತು. ಆದ್ದರಿಂದ ನಮಗೆಲ್ಲ ಕೂಡಿ ಕೂರಲು ಒಂದು ಸ್ಥಳ ಬೇಕು ಎಂಬ ಮಾತಿಗೆ ನನ್ನ ಸಂಪೂರ್ಣ ಸಮ್ಮತಿಯಿದೆ. ಆ ಸ್ಥಳ ಕೆರೆಯ ಅಂಚಿನಲ್ಲಿರಬೇಕು, ಅದನ್ನು ನಾವೇ ಕೊಳ್ಳಬೇಕು ಎಂಬ ಎರಡು ಮಾತುಗಳಿಗೆ ಮಾತ್ರ ನನ್ನ ತಕರಾರು.

ಪ್ರಸ್ತಾವದ ಕರಪತ್ರದಲ್ಲಿ ‘ಸಾಮೂಹಿಕ ಬಳಕೆ’ ಎಂಬ ಶಬ್ದ ನಾಲ್ಕು ಸಲ ಬಂದಿದೆ. ಯಾವ ಸಮೂಹ? ಹಣ ಕಟ್ಟಿದವರ ಸಮೂಹ. ಆದರೆ ಕೆರೆಗೆ ಈಗಾಗಲೇ ಒಂದು ಸಮೂಹವಿದೆ. ತೂಬಿನ ಕೆಳಗಿನ ಗದ್ದೆಯ ರೈತ, ಬಲೆ ಬೀಸುವವರು, ಮಧ್ಯಾಹ್ನ ಕುರಿಗಳಿಗೆ ನೀರು ಕುಡಿಸಲು ಬರುವ ಕುರಿಗಾಹಿ, ಬಟ್ಟೆ ಒಗೆಯುವ ಹೆಂಗಸರು, ಬೇಸಿಗೆಯಲ್ಲಿ ಹೊಲಕ್ಕೆ ಗೋಡು ಹೇರಿಕೊಂಡು ಹೋಗುವ ಬಂಡಿಯವರು, ಜೋಕುಮಾರನನ್ನೂ ಗಣಪನನ್ನೂ ಬಿಡಲು ಬರುವ ಊರವರು, ಇವರೆಲ್ಲರೂ ಆ ಸಮೂಹದವರು. ಇವರಲ್ಲಿ ಯಾರೂ ರಸೀದಿ ಪಡೆದು ದಂಡೆಗೆ ಬಂದವರಲ್ಲ. ನಾವು ಕೊಂಡ ಮರುದಿನವೇ ಅಲ್ಲೊಂದು ತಂತಿಬೇಲಿ ಏಳುತ್ತದೆ. ಆರು ತಿಂಗಳಲ್ಲಿ ಗೇಟು. ವರ್ಷದೊಳಗೆ ‘ಸದಸ್ಯರಿಗೆ ಮಾತ್ರ ಪ್ರವೇಶ’ ಎಂಬ ಫಲಕ. ಕುರಿಗಾಹಿಯ ಕಾಲುದಾರಿ ಸುತ್ತುಬಳಸಾಗುತ್ತದೆ. ಎಲ್ಲರದ್ದಾಗಿದ್ದುದನ್ನು ಕೆಲವರದ್ದನ್ನಾಗಿ ಮಾಡಿ ಅದಕ್ಕೆ ಸಾಮೂಹಿಕವೆಂದು ಹೆಸರಿಡುವುದು ಕನ್ನಡ ಭಾಷೆಗೂ ಅನ್ಯಾಯ.

‘ನಾವೇನು ಹೊಸದಾಗಿ ಕಟ್ಟುತ್ತೇವೆಯೆ? ಕಟ್ಟಡ ಮೊದಲೇ ಇದೆಯಲ್ಲ’ ಎಂಬುದು ಮಿತ್ರರ ಮುಖ್ಯ ವಾದ. ಇಂದು ಅಲ್ಲಿರುವುದು ಬಾಗಿಲು ಮುಚ್ಚಿದ ಕಟ್ಟಡ. ಅದರಲ್ಲಿ ಐವತ್ತು ಜನ ವಾಸ್ತವ್ಯ ಹೂಡಿದರೆ ಶೌಚಾಲಯಗಳು ಬೇಕು, ಅವುಗಳಿಗೆ ಗುಂಡಿ ಬೇಕು. ಕೆರೆಯ ಅಂಚಿನ ಒದ್ದೆ ನೆಲದಲ್ಲಿ ತೋಡಿದ ಗುಂಡಿಯ ನೀರು ಎಲ್ಲಿಗೆ ಇಳಿಯುತ್ತದೆಂಬುದನ್ನು ಏಳನೆಯ ತರಗತಿಯ ಹುಡುಗನೂ ಹೇಳಬಲ್ಲ. ಕೊಳವೆಬಾವಿ ಬೇಕು, ರಾತ್ರಿಯಿಡೀ ಉರಿಯುವ ದೀಪಗಳು ಬೇಕು, ಕಾರು ನಿಲ್ಲಿಸಲು ಜಾಗ ಬೇಕು. ಹುಟ್ಟುಹಬ್ಬಕ್ಕೂ ಷಷ್ಟ್ಯಬ್ದಿಗೂ ಬಾಡಿಗೆಗೆ ಕೊಟ್ಟರೆ ನಿರ್ವಹಣೆಗೆ ದುಡ್ಡಾಯಿತು ಎಂದು ಯಾರಾದರೂ ಲೆಕ್ಕ ಹಾಕುವುದೂ ಖಂಡಿತ. ಆಮೇಲೆ ಧ್ವನಿವರ್ಧಕ.

ನಮ್ಮ ತಾಲ್ಲೂಕಿನಲ್ಲಿ ಕೆರೆಯ ಬೆಲೆ ಏನೆಂಬುದನ್ನು ಬೇರೆಯವರು ನಮಗೆ ಕಲಿಸಬೇಕಾಗಿಲ್ಲ. ಅಂಕಸಮುದ್ರದ ಕೆರೆ ನಮ್ಮದೇ. ಶತಮಾನಗಳ ಹಿಂದೆ ಬೇಸಾಯಕ್ಕೆಂದು ಹಳ್ಳಿಗರಿಗಾಗಿ ಕಟ್ಟಿದ, 98.76 ಹೆಕ್ಟೇರು, ಎಂದರೆ ಸುಮಾರು 244 ಎಕರೆ ವಿಸ್ತಾರದ ಕೆರೆ ಅದು. ಅದರ ಜಾಲಿಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟುತ್ತ ಬಂದವು. 2017ರಲ್ಲಿ ಸರ್ಕಾರ ಅದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಮತ್ತು ಗದಗ ಜಿಲ್ಲೆಯ ಮಾಗಡಿ ಕೆರೆಗಳ ಜೊತೆಗೆ ಅದಕ್ಕೂ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಕರ್ನಾಟಕದಲ್ಲಿ ಅದಕ್ಕೆ ಮೊದಲು ಆ ಗೌರವವಿದ್ದುದು ರಂಗನತಿಟ್ಟಿಗೆ ಮಾತ್ರ. ಬಣ್ಣದ ಕೊಕ್ಕರೆ, ಬಿಳಿ ಕೆಂಬರಲು ಮೊದಲಾಗಿ ಮೂವತ್ತು ಸಾವಿರಕ್ಕೂ ಹೆಚ್ಚು ನೀರುಹಕ್ಕಿಗಳು ಅಲ್ಲಿ ಗೂಡು ಕಟ್ಟಿಯೋ ತಂಗಿಯೋ ಬದುಕುತ್ತವೆ ಎಂಬುದು ಆ ಸಂದರ್ಭದಲ್ಲಿ ಪ್ರಕಟವಾದ ಅಧಿಕೃತ ವಿವರ. ಪರವೂರಿನ ನೆಂಟರಿಗೆ ನಾವು ಹೆಮ್ಮೆಯಿಂದ ತೋರಿಸುವ ಸ್ಥಳವದು. ಮಳೆ ಕೈಕೊಟ್ಟ ವರ್ಷಗಳಲ್ಲಿ ಮಾಲವಿ ಜಲಾಶಯದ ಅಂಗಳ ಬಿರಿದು ನಿಂತಾಗ ಇಡೀ ಸೀಮೆ ಎಷ್ಟು ಕಳವಳಪಟ್ಟಿತೆಂಬುದೂ ನಿಮಗೆ ನೆನಪಿದೆ. ಹಕ್ಕಿಯೂ ರೈತನೂ ಒಂದೇ ನೀರನ್ನು ನೆಚ್ಚಿ ಬದುಕುವ ಇಂತಹ ಬಯಲುಸೀಮೆಯಲ್ಲಿ, ಕೆರೆಯನ್ನು ಕಿಟಕಿಯಿಂದ ನೋಡುವ ನೋಟವೆಂದು ಭಾವಿಸುವುದು ನಮಗೆ ಶೋಭಿಸುವುದಿಲ್ಲ.

ಕಾನೂನು ಅಡ್ಡಿಯಿಲ್ಲ ಎಂದು ವಕೀಲ ಮಿತ್ರರೊಬ್ಬರು ಹೇಳಿದ್ದಾರಂತೆ. ಅವರ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಕೇಂದ್ರ ಸರ್ಕಾರದ 2017ರ ತರಿಭೂಮಿ ನಿಯಮಗಳು ತಮ್ಮ ವ್ಯಾಪ್ತಿಗೆ ಬರುವ ತಾಣಗಳಲ್ಲಿ, ಹತ್ತು ವರ್ಷಗಳ ಸರಾಸರಿ ಪ್ರವಾಹ ಮಟ್ಟದಿಂದ 50 ಮೀಟರಿನೊಳಗೆ ಶಾಶ್ವತ ಕಟ್ಟಡವನ್ನು ನಿಷೇಧಿಸುತ್ತವೆ. ಆದರೆ ನೀರಾವರಿಗೆಂದೇ ಮನುಷ್ಯರು ಕಟ್ಟಿದ ಕೆರೆಗಳನ್ನು ಅದೇ ನಿಯಮಗಳ ವ್ಯಾಖ್ಯೆ ಹೊರಗಿಡುತ್ತದೆ. ಇಂತಹ ಸಂದಿಯಲ್ಲಿ ನುಸುಳುವವರು ನುಸುಳಲಿ. ಮಕ್ಕಳಿಗೆ ಪೌರನೀತಿ ಪಾಠ ಹೇಳಿದ ನಾವು ನುಸುಳಬಾರದು. ಸರ್ವೋಚ್ಚ ನ್ಯಾಯಾಲಯದ ಎರಡು ತೀರ್ಪುಗಳನ್ನು ಮಿತ್ರರು ಗಮನಿಸಬೇಕು. 2001ರ ಹಿಂಚ್ ಲಾಲ್ ತಿವಾರಿ ಪ್ರಕರಣದಲ್ಲಿ, ಕೊಳವೊಂದರ ಜಾಗವನ್ನು ಮನೆ ಕಟ್ಟಲು ಹಂಚಿಕೊಟ್ಟದ್ದನ್ನು ನ್ಯಾಯಾಲಯ ಒಪ್ಪಲಿಲ್ಲ. ಕೆರೆ ಕೊಳಗಳು ಸಮುದಾಯದ ಸಂಪತ್ತೆಂದು ಹೇಳಿ ಅದನ್ನು ತೆರವುಗೊಳಿಸಲು ಆದೇಶಿಸಿತು. 2011ರ ಜನವರಿ 28ರ ಜಗಪಾಲ್ ಸಿಂಗ್ ಪ್ರಕರಣ ಪಂಜಾಬಿನ ಪಟಿಯಾಲಾ ಜಿಲ್ಲೆಯ ಹಳ್ಳಿಯೊಂದರದು. ಅಲ್ಲಿ ಊರಿನ ಕೊಳವನ್ನು ಮುಚ್ಚಿ ಕಟ್ಟಡ ಕಟ್ಟಿದವರು, ತಾವು ಬಹಳ ಕಾಲದಿಂದ ಇದ್ದೇವೆ, ಬಹಳ ಹಣ ಹಾಕಿದ್ದೇವೆ ಎಂದು ವಾದಿಸಿದರು. ಅದು ಸಮರ್ಥನೆಯಾಗದೆಂದು ನ್ಯಾಯಾಲಯ ಹೇಳಿತು. ಗ್ರಾಮದ ಸಾಮಾನ್ಯ ಭೂಮಿಗಳಿಂದ ಒತ್ತುವರಿದಾರರನ್ನು ತೆರವುಗೊಳಿಸುವ ಯೋಜನೆ ರೂಪಿಸಲು ಎಲ್ಲ ರಾಜ್ಯಗಳಿಗೂ ನಿರ್ದೇಶನ ಕೊಟ್ಟಿತು. ನಾವು ಕೊಳ್ಳಲಿರುವ ಕಟ್ಟಡದ ಒಂದು ಮೂಲೆ ‘ಬಿ’ ಖರಾಬಿಗೆ ಸೇರಿದ್ದರೂ ಸಾಕು, ಮಾರುವವರ ಕೈ ತೊಳೆದು ಹೋಗಿರುತ್ತದೆ, ನಾವು ಎಪ್ಪತ್ತೈದನೆಯ ವಯಸ್ಸಿನಲ್ಲಿ ನೋಟೀಸು ಹಿಡಿದು ತಹಸೀಲ್ದಾರರ ಕಚೇರಿಯ ಬೆಂಚಿನ ಮೇಲೆ ಕುಳಿತಿರುತ್ತೇವೆ. ಈವರೆಗೆ ಆಕಾರಬಂದ್ ತೆಗೆಸಿದವರು ಯಾರು? ಸರ್ವೆ ನಕ್ಷೆಯನ್ನು ಸಭೆಯ ಮುಂದಿಟ್ಟವರು ಯಾರು? ಚಿತ್ರಗಳನ್ನು ಮಾತ್ರ ತೋರಿಸಲಾಗಿದೆ.

ಬೆಂಗಳೂರಿನಲ್ಲಿರುವ ನನ್ನ ಶಿಷ್ಯರಿಗೆ ಇದರ ಮುಂದಿನ ಅಧ್ಯಾಯ ಕಣ್ಣೆದುರಿಗಿದೆ. ನೀವು ಊರಿಗೆ ಬರಲು ಬಸ್ಸು ಹತ್ತುವ ಮೆಜೆಸ್ಟಿಕ್ ನಿಲ್ದಾಣ ಒಂದು ಕಾಲದ ಧರ್ಮಾಂಬುಧಿ ಕೆರೆ. ಸಂಪಂಗಿ ಕೆರೆಯ ಅಂಗಳ ಕ್ರೀಡಾಂಗಣವಾಯಿತು. 2000ರ ದಶಕದಲ್ಲಿ ಹೆಬ್ಬಾಳ, ನಾಗವಾರ ಮೊದಲಾದ ಕೆರೆಗಳನ್ನು ಅಭಿವೃದ್ಧಿಯ ಹೆಸರಿನಲ್ಲಿ ಖಾಸಗಿಯವರಿಗೆ ಗುತ್ತಿಗೆ ಕೊಡಲಾಯಿತು. ಸಾರ್ವಜನಿಕರು ಅದರ ವಿರುದ್ಧ 2008ರಲ್ಲಿ ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಅಲ್ಲಿಯೂ ಯಾರೂ ಕೆರೆಯನ್ನು ಕೊಲ್ಲುತ್ತೇವೆಂದು ಹೇಳಿರಲಿಲ್ಲ. ಉದ್ಯಾನ ಮಾಡುತ್ತೇವೆ, ಜನರಿಗೆ ವಿಹಾರಕ್ಕೆ ಅನುಕೂಲ ಮಾಡುತ್ತೇವೆ ಎಂದೇ ಹೇಳಿದ್ದರು. ನಮ್ಮ ಕರಪತ್ರದ ಭಾಷೆಯೂ ಹೀಗೆಯೇ ಮೃದುವಾಗಿದೆ.

ಇನ್ನು ಹಣದ ಮಾತು. ನಿವೃತ್ತಿಯಲ್ಲಿ ಬಂದ ಗಂಟು ಒಮ್ಮೆ ಕರಗಿದರೆ ಮತ್ತೆ ಕೂಡುವುದಿಲ್ಲ. 2006ರ ಏಪ್ರಿಲ್ 1ರ ನಂತರ ಸೇವೆಗೆ ಸೇರಿ, ಹಳೆಯ ಪಿಂಚಣಿಯಿಲ್ಲದೆ ನಿವೃತ್ತರಾಗುವ ಕಿರಿಯರಿಗಂತೂ ಆ ಗಂಟೇ ಆಧಾರ. ಎಲ್ಲರ ಹೆಸರಿನಲ್ಲೂ ಜಂಟಿಯಾಗಿ ಕ್ರಯಪತ್ರ ಮಾಡಿಸಿದರೆ, ನಾವು ಒಬ್ಬೊಬ್ಬರಾಗಿ ಕಣ್ಣು ಮುಚ್ಚಿದಂತೆ ನಮ್ಮ ಪಾಲು ಮಕ್ಕಳಿಗೆ ಹೋಗುತ್ತದೆ. ಇಪ್ಪತ್ತು ವರ್ಷಗಳ ನಂತರ ಆ ಕಟ್ಟಡಕ್ಕೆ ಇನ್ನೂರು ವಾರಸುದಾರರು; ಒಂದು ಹೆಂಚು ಬದಲಿಸಲೂ ಹೈದರಾಬಾದು, ಪುಣೆ, ಡಲ್ಲಾಸುಗಳಿಂದ ಸಹಿ ಬರಬೇಕು. ಸಂಘವನ್ನು ನೋಂದಾಯಿಸಿ ಅದರ ಹೆಸರಿನಲ್ಲಿ ಕೊಂಡರೆ, ಹಣ ಹಾಕಿದ ಸದಸ್ಯನ ಮನೆಯವರಿಗೆ ಅದರಲ್ಲಿ ಪಾಲಿಲ್ಲ. ಸದಸ್ಯರು ಕಡಿಮೆಯಾದಂತೆ ಅಧ್ಯಕ್ಷ ಕಾರ್ಯದರ್ಶಿಗಳ ಕೈಯಲ್ಲಿ ಆಸ್ತಿ ಉಳಿಯುತ್ತದೆ. ಎರಡರಲ್ಲಿ ಯಾವುದೆಂಬುದನ್ನೇ ನಿರ್ಧರಿಸದೆ ಮುಂಗಡ ಕೊಡಲು ಅವಸರಪಡುತ್ತಿರುವುದು ನನಗೆ ಅರ್ಥವಾಗದು.

ಅನುಕೂಲವನ್ನಾದರೂ ನೋಡೋಣವೆ? ಹಡಗಲಿಯ ಕಡೆಯ ಎಂಬತ್ತರ ಹಿರಿಯರು ಬಸ್ಸಿಳಿದು ಕೆರೆಯವರೆಗೆ ಹೇಗೆ ಹೋಗಬೇಕು? ರಾತ್ರಿ ಎದೆನೋವು ಬಂದರೆ ಯಾರು ಕರೆದೊಯ್ಯಬೇಕು? ಗೆಳತಿಯರು, ನಮ್ಮ ಶಿಕ್ಷಕಿಯರು, ಕತ್ತಲಾದ ಮೇಲೆ ಆ ದಾರಿಯಲ್ಲಿ ಒಬ್ಬರೇ ಬರುತ್ತಾರೆಯೆ? ಕಾರುಳ್ಳ ಹತ್ತು ಜನರಿಗೆ ಒದಗುವ ಸ್ಥಳಕ್ಕೆ ಬಸ್ಸಿನವರೆಲ್ಲ ಹಣ ಕಟ್ಟಬೇಕಾಗುತ್ತದೆ.

ಆದ್ದರಿಂದ ನನ್ನ ಸೂಚನೆ ಇದು. ಹಗರಿಬೊಮ್ಮನಹಳ್ಳಿಯ ಪೇಟೆಯೊಳಗೆ, ಬಸ್ ನಿಲ್ದಾಣಕ್ಕೂ ಆಸ್ಪತ್ರೆಗೂ ನಡೆದು ಹೋಗುವಷ್ಟು ಹತ್ತಿರದಲ್ಲಿ, ನೆಲಮಹಡಿಯ ಒಂದು ಮನೆಯನ್ನು ಬಾಡಿಗೆಗೆ ಹಿಡಿಯೋಣ. ಕೊಳ್ಳುವುದು ಬೇಡ. ಮುಂದಿನ ಕೋಣೆಯಲ್ಲಿ ಪತ್ರಿಕೆ ಪುಸ್ತಕಗಳಿರಲಿ. ಅದು ಹಾದಿಹೋಕರಿಗೂ ತೆರೆದಿರಲಿ. ಸಂಜೆ ಎರಡು ತಾಸು ಹತ್ತನೆಯ ತರಗತಿಯ ಮಕ್ಕಳಿಗೆ ಗಣಿತ, ಇಂಗ್ಲಿಷ್ ಹೇಳಿಕೊಡೋಣ. ಮಕ್ಕಳ ಗದ್ದಲ ಕಿವಿಗೆ ಬಿದ್ದರೆ ನಮ್ಮ ಅರ್ಧ ಕಾಯಿಲೆ ವಾಸಿಯಾಗುತ್ತದೆ. ನಮಗಿಂತ ದಿಕ್ಕಿಲ್ಲದ ವೃದ್ಧರಿಗಾಗಿ ದನಿಯೆತ್ತುವ ಕೆಲಸವೂ ಇದೆ. ಹಿರಿಯ ನಾಗರಿಕರ 2007ರ ಕಾಯಿದೆಯ 19ನೆಯ ಪ್ರಕರಣ, ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ಜನ ನಿರ್ಗತಿಕ ಹಿರಿಯರಿಗೆ ಆಶ್ರಯ ಕೊಡುವ ವೃದ್ಧಾಶ್ರಮದ ಮಾತನ್ನಾಡುತ್ತದೆ. 2021ರಲ್ಲಿ ಹುಟ್ಟಿದ ನಮ್ಮ ವಿಜಯನಗರ ಜಿಲ್ಲೆಯಲ್ಲಿ ಅದರ ಬಗ್ಗೆ ಕೇಳುವ ಹಕ್ಕು ನಮಗಿದೆ, ಬರೆಯುವ ಕೈಯೂ ಇದೆ.

ಕೆರೆಯನ್ನು ನೋಡುವ ಆಸೆಗೆ ಕ್ರಯಪತ್ರ ಬೇಕಿಲ್ಲ. ವಾರಕ್ಕೊಂದು ಸಂಜೆ ಎಲ್ಲರೂ ಕೂಡಿ ಏರಿಯ ಮೇಲೆ ನಡೆಯೋಣ, ಬುತ್ತಿ ಬಿಚ್ಚೋಣ, ಕತ್ತಲಾಗುವ ಮೊದಲು ಎಲೆ ಕಾಗದ ಆಯ್ದುಕೊಂಡು ಮನೆಗೆ ಮರಳೋಣ. ಹಂಪಿಯಲ್ಲಿ ಲಕ್ಷ್ಮೀಧರಾಮಾತ್ಯನ ಶಾಸನವನ್ನು ನಮ್ಮಲ್ಲಿ ಕನ್ನಡ ಕಲಿಸಿದವರೆಲ್ಲ ಪಾಠ ಮಾಡಿದ್ದೇವೆ. ಹಸುಗೂಸಿನ ಕಿವಿಯಲ್ಲಿ ತಾಯಿ ಹೇಳುವ ಸತ್ಕಾರ್ಯಗಳಲ್ಲಿ ಕೆರೆ ಕಟ್ಟಿಸುವುದೇ ಮೊದಲನೆಯದು. ಕಟ್ಟಿಸುವ ಶಕ್ತಿ ನಮಗಿಲ್ಲ. ಕಟ್ಟಿದವರು ಊರಿಗೆ ಬಿಟ್ಟುಹೋದುದನ್ನು ಊರಿಗೇ ಬಿಡುವಷ್ಟು ಸಂಯಮವಾದರೂ ನಮಗಿರಬೇಕು.

ಮುಂದಿನ ಸಭೆಯಲ್ಲಿ ಪ್ರಸ್ತಾವ ಮತಕ್ಕೆ ಬರಲಿದೆ. ನನ್ನ ಮತ ವಿರುದ್ಧವಾಗಿರುತ್ತದೆ. ನಿಮ್ಮ ತಂದೆತಾಯಿಗಳು ಈ ಬಳಗದ ಸದಸ್ಯರಾಗಿದ್ದರೆ, ಹಣ ಕಟ್ಟುವ ಮೊದಲು ಅವರೊಡನೆ ಒಮ್ಮೆ ಮಾತಾಡಿ. ಅದಕ್ಕಿಂತ ಮೊದಲು, ಬಿಡುವು ಮಾಡಿಕೊಂಡು ಊರಿಗೆ ಬಂದು ಅವರ ಜೊತೆ ನಾಲ್ಕು ದಿನ ಇದ್ದು ಹೋಗಿ.